ಗುರುದೇವಿ ಟೀಚರ್ ಸುತ್ತಿದ ಜಠರ

ಹೈದರಾಬಾದಿನ ಬಾಲಾನಗರದಲ್ಲಿ ವಿಜ್ಞಾನ ಕಲಿಸುವ ಗುರುದೇವಿ ಟೀಚರ್ ಕಣ್ಣಿಟ್ಟರೆ ಜಗತ್ತಿನ ಯಾವ ಚಪಾತಿಯೂ ಚಪಾತಿಯಾಗಿ ಉಳಿಯುವುದಿಲ್ಲ. ಮದುವೆಯ ಊಟದಲ್ಲೂ ಎರಡು ಚಪಾತಿಗಳ ನಡುವೆ ಚಟ್ನಿ ಸವರಿ, ಈರುಳ್ಳಿ ಎಳೆಯಿಟ್ಟು ಸುತ್ತಿ, "ನೋಡ್ರಿ, ಜಠರ! ಒಳಗಿಂದು ಹೊದಿಕಿ ಹಂಗ ಇರೋ ಅನುಲೇಪಕ ಅಂಗಾಂಶ, ಹೊರಗಿಂದು ಸ್ನಾಯು, ಎರಡನ್ನೂ ಹಿಡಿದ ಚಟ್ನಿ ಸಂಯೋಜಕ, ಈರುಳ್ಳಿ ನರ. ನಾಲ್ಕೂ ಕೂಡಿದ್ರ ಒಂದು ಅಂಗ!" ಎಂದು ಸಾರುತ್ತಾರೆ. ಮದುಮಗನೇ ಅರ್ಧ ಊಟಕ್ಕೆ ಕೈ ತೊಳೆದದ್ದುಂಟು. ನನ್ನ ಹೆಂಡತಿಯ ಜಠರದ ಆಪರೇಷನ್ ದಿನ ಆಸ್ಪತ್ರೆಯಲ್ಲಿ ನಾನು ಊಟದ ಡಬ್ಬಿ ತೆರೆಯದೆ ಕೂತಿದ್ದಾಗ, ಟೀಚರ್ ಬಂದು ಅದರೊಳಗಿನ ಚಪಾತಿ ಹರಿದು, "ಇದು ಕೂಡಂಗಿಲ್ರಿ ಅಣ್ಣಾರ. ಜೀವ ಇರೋ ಅಂಗಾಂಶ ಹೊಲಿದ್ರ ಕೂಡ್ತೈತಿ, ಅಂಜಬ್ಯಾಡ್ರಿ" ಎಂದು ಡಾಕ್ಟರು ಹೊರಬರುವ ತನಕ ಪಕ್ಕದಲ್ಲೇ ಕೂತರು. ಹೆಂಡತಿ ಗುಣವಾಗಿ ಮನೆಗೆ ಬಂದ ದಿನ, "ನಮ್ಮಿಬ್ಬರ ಜೀವ ಉಳಿಸಿದಿರಿ ತಾಯಿ" ಎಂದು ಟೀಚರಿಗೆ ಕೈಮುಗಿದೆ. "ಉಳಿಸಿದ್ದು ಡಾಕ್ಟರ್ ರೀ. ನಾ ನಿಮ್ಮ ಚಪಾತಿ ಹಾಳು ಮಾಡಿದೆ, ಅಷ್ಟ."