ಕೈಗೆ ಬಂದ ಕಂಬಿ

ಆಫೀಸಿನಲ್ಲಿ ಅವಳಿಗೆ ಕಂಬಿಯಕ್ಕ ಎಂದೇ ಹೆಸರು. ಹೊಸದಾಗಿ ಸೇರಿದವರು ಒಂದು ವಾರ ಮೇಡಂ ಅನ್ನುತ್ತಾರೆ, ಆಮೇಲೆ ಅವರ ಬಾಯಲ್ಲೂ ಅದೇ ಬರುತ್ತದೆ. ಅವಳೇನೂ ಬೇಜಾರು ಮಾಡಿಕೊಂಡವಳಲ್ಲ. ಬೆಳಗಿನಿಂದ ಸಂಜೆಯವರೆಗೆ ಗೋಡೆಯೊಳಗಿನ ಕಂಬಿಯನ್ನೇ ಬರೆಯುವವಳನ್ನು ಇನ್ನೇನೆಂದು ಕರೆದಾರು?

ಅವಳ ಕೆಲಸ ಏನೆಂದು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅವಳ ಅತ್ತೆಗೇ ಅದು ಇವತ್ತಿಗೂ ತಿಳಿದಿಲ್ಲ. ಕಾಂಕ್ರೀಟ್ ಬ್ಲಾಕನ್ನು ಎಲ್ಲರೂ ನೋಡಿದ್ದೀರಿ, ಒಳಗೆ ಎರಡು ದೊಡ್ಡ ತೂತು ಇರುತ್ತವೆ. ಬ್ಲಾಕಿನ ಮೇಲೆ ಬ್ಲಾಕ್ ಇಡುತ್ತ ಹೋದರೆ ತೂತಿನ ಮೇಲೆ ತೂತು ಕೂತು ಪಾಯದಿಂದ ಚಾವಣಿಯವರೆಗೆ ಒಂದೇ ಕೊಳವೆಯಾಗುತ್ತದೆ. ಅಂಥ ಕೆಲವು ಕೊಳವೆಗಳಲ್ಲಿ ಉದ್ದನೆಯ ಕಂಬಿ ನಿಲ್ಲಿಸಿ, ನೀರಾಗಿ ಕಲಸಿದ ಕಾಂಕ್ರೀಟ್ ಸುರಿದು ತುಂಬುತ್ತಾರೆ. ಆಗಲೇ ಗೋಡೆಗೆ ಬೆನ್ನುಮೂಳೆ ಬರುವುದು. ಇಲ್ಲದಿದ್ದರೆ ಅದು ಸುಮ್ಮನೆ ಪೇರಿಸಿಟ್ಟ ಬ್ಲಾಕು, ಜೋರು ಬಿರುಗಾಳಿ ಬೀಸಿದರೆ, ಭೂಮಿ ತುಸು ಅಲುಗಿದರೆ ಮಗ್ಗುಲಿಗೆ ಮಲಗಿಬಿಡುತ್ತದೆ. ಎಂಜಿನಿಯರ್ ಇಷ್ಟಿಷ್ಟು ದೂರಕ್ಕೆ ಒಂದೊಂದು ಕಂಬಿ ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಯಾವ ತೂತಿನಲ್ಲಿ, ಎಷ್ಟು ಉದ್ದ, ತುದಿ ಎಲ್ಲಿ ಬಾಗಬೇಕು, ಪಾಯದಿಂದ ಎದ್ದ ತುಂಡಿನ ಜೊತೆಗೆ ಮೇಲಿನ ಕಂಬಿ ಎಷ್ಟು ದೂರ ಅಂಟಿಕೊಂಡು ಬರಬೇಕು, ಕಿಟಕಿಯ ಪಕ್ಕ ಹೆಚ್ಚಿಗೆ ಎಷ್ಟು ಬೇಕು ಎಂದು ಒಂದೊಂದನ್ನೂ ಬಿಡಿಸಿ ಡ್ರಾಯಿಂಗ್ ಮಾಡುವುದು ಇವಳ ಪಾಲು. ಅದನ್ನು ನೋಡಿಯೇ ಕಂಬಿ ಕತ್ತರಿಸುತ್ತಾರೆ, ಬಾಗಿಸುತ್ತಾರೆ, ಲಾರಿಗೆ ಹೇರುತ್ತಾರೆ.

ಮನೆಯಲ್ಲೂ ಅವಳದು ಅದೇ ಚಾಳಿ. ಚಮಚ ಚಮಚದ ಜಾಗದಲ್ಲಿ, ಚಪ್ಪಲಿ ಚಪ್ಪಲಿಯ ಜಾಗದಲ್ಲಿ. ನನಗೂ ಒಂದು ನಂಬರ್ ಹಾಕಿ ಸೋಫಾದ ಎಡತುದಿಗೆ ಕೂರಿಸಿದ್ದಾಳೆ ಎಂದು ಗಂಡ ಬಂದವರೆದುರು ನಗಾಡುತ್ತಾನೆ. ಕೋಪ ಮೂಗಿನ ತುದಿಯಲ್ಲೇ ಇದ್ದರೂ ಆ ಮಾತಿಗೆ ಅವಳೂ ನಗುತ್ತಾಳೆ. ಇಬ್ಬರು ಮಕ್ಕಳು ಮಾತ್ರ ಅವಳ ಅಳತೆಗೆ ಸಿಕ್ಕಿಲ್ಲ, ಎಲ್ಲ ಚೆಲ್ಲಾಪಿಲ್ಲಿ.

ಅವಳ ಅಣ್ಣ ಗಾರೆ ಮೇಸ್ತ್ರಿ. ಅಪ್ಪ ಬೇಗ ಹೋದಾಗ ಇವಳಿನ್ನೂ ಶಾಲೆಯಲ್ಲಿದ್ದಳು. ಅಣ್ಣ ಓದು ಬಿಟ್ಟು ಬ್ಲಾಕ್ ಹೊತ್ತ, ಗಾರೆ ಕಲಸಿದ, ಕರಣೆ ಹಿಡಿದ, ತಂಗಿಯನ್ನು ಡ್ರಾಯಿಂಗ್ ಓದಿಸಿಯೇ ಬಿಟ್ಟ. ಊಟಕ್ಕೆ ಕೂತರೆ ಅವಳ ತಟ್ಟೆ ತುಂಬಿದ ಮೇಲೆಯೇ ತನ್ನ ತಟ್ಟೆಗೆ ಕೈ ಹಾಕುತ್ತಿದ್ದವನು. ಈಗ ಅವನದೇ ತಂಡವಿದೆ, ಕೆಲಸಕ್ಕೆ ಒಳ್ಳೆಯ ಹೆಸರಿದೆ. ತಾನು ಕಾಗದದ ಮೇಲೆ ಎಳೆದ ಗೆರೆ ಅಣ್ಣನ ಕೈಯಲ್ಲಿ ಗೋಡೆಯಾಗುತ್ತದೆ ಎಂಬ ಹೆಮ್ಮೆಯಲ್ಲೇ ಅವಳು ಇಷ್ಟು ವರ್ಷ ಕಳೆದಿದ್ದಳು. ಹಾಗೆ ನೋಡಿದರೆ ಕಟ್ಟಡದ ಜಾಗಕ್ಕೆ ಅವಳು ಹೋದದ್ದು ತೀರಾ ಕಡಿಮೆ. ಅಣ್ಣ ಇದ್ದಾನಲ್ಲ, ನಾನ್ಯಾಕೆ ಹೋಗಿ ಧೂಳು ಕುಡಿಯಲಿ ಅನ್ನುತ್ತಿದ್ದಳು.

ಅವತ್ತು ಹೋಗಬೇಕಾಯಿತು. ಚಿಕ್ಕ ಮಕ್ಕಳ ಶಾಲೆಯೊಂದಕ್ಕೆ ಊಟದ ಹಾಲ್ ಕಟ್ಟುತ್ತಿದ್ದರು, ಗೋಡೆ ಅಣ್ಣನದು, ಡ್ರಾಯಿಂಗ್ ಇವಳದು. ನಡುವೆ ಯಾರಿಗೋ ಬುದ್ಧಿ ಬಂದು ಒಂದು ಕಿಟಕಿಯನ್ನು ಅಗಲ ಮಾಡಿಸಿದ್ದರು. ಇವಳು ಡ್ರಾಯಿಂಗ್ ತಿದ್ದಿ ಕಳಿಸಿದ್ದಳು. ಕಾಂಕ್ರೀಟ್ ಸುರಿಯುವ ಮೊದಲು ಕಿಟಕಿಯ ಪಕ್ಕದ ಕಂಬಿಗಳು ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ನೋಡಿಬರಲು ಆಫೀಸಿನ ಯಜಮಾನರು ಹೇಳಿದರು.

ಅಣ್ಣನಿಗೆ ಖುಷಿಯೋ ಖುಷಿ. ತನ್ನ ಆಳುಗಳಿಗೆಲ್ಲ ನನ್ನ ತಂಗಿ, ಇವಳು ಬರೆದದ್ದೇ ನಾವು ಕಟ್ಟೋದು ಎಂದು ತೋರಿಸಿ ಕುರ್ಚಿ ತರಿಸಿದ. ಗೋಡೆಯೂ ನೋಡಲು ಬಲು ಚೆಂದ, ಸಾಲು ಒಂದಿಷ್ಟೂ ಓರೆಯಿಲ್ಲ. ಬುಡದಲ್ಲಿ ಪ್ರತಿ ಕಂಬಿಯ ಕೊಳವೆಗೂ ಅಂಗೈ ಅಗಲದ ಕಿಂಡಿ ಬಿಟ್ಟಿದ್ದರು. ಕಾಂಕ್ರೀಟ್ ಹಾಕುವ ಮೊದಲು ಎಂಜಿನಿಯರ್ ಬಗ್ಗಿ ಅಲ್ಲಿ ಬೆಳಕು ಬಿಡುತ್ತಾನೆ, ಕೆಳಗೆ ಕಂಬಿ ಕಾಣುತ್ತದೆ. ಮೇಲೆ ಹತ್ತಿದರೆ ಗೋಡೆಯ ನೆತ್ತಿಯಿಂದ ಕಂಬಿಯ ತುದಿ ಎದ್ದಿರುತ್ತದೆ. ನಡುವಿನದನ್ನು ಯಾರೂ ನೋಡುವುದಿಲ್ಲ, ಅದು ನಂಬಿಕೆಯ ಮೇಲೆ ನಡೆಯುವ ಮಾತು.

ಅವಳು ಗೋಡೆಯ ಪಕ್ಕ ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರ್ವೆಯ ಏಣಿ ಹತ್ತಿದಳು. ಕಿಟಕಿಯ ಬಲಪಕ್ಕದ ಕಂಬಿ ತಾನು ಬರೆದ ತೂತಿನಲ್ಲೇ ಇದ್ದದ್ದು ಕಂಡು ಮುಖ ಅರಳಿತು. ಪ್ರೀತಿಗೆ ಸುಮ್ಮನೆ ಕೈಯಿಟ್ಟಳು, ಅಷ್ಟೇ. ಕಂಬಿ ಅಲುಗಿತು. ಎರಡಾಳು ಆಳಕ್ಕೆ ಇಳಿದ ಕಂಬಿ ಹಾಗೆ ಅಲುಗುವುದಲ್ಲ. ತಾನೇ ಏನೋ ತಪ್ಪು ತಿಳಿದೆ ಅಂದುಕೊಂಡು ಮೇಲಕ್ಕೆ ಎಳೆದಳು. ಕಂಬಿ ಕೈಗೆ ಬಂತು.

ಅವಳ ತೋಳಿಗಿಂತ ಒಂದಿಷ್ಟು ಉದ್ದ, ಅಷ್ಟೇ. ಕತ್ತರಿಸಿದ ಕೆಳತುದಿ ಇನ್ನೂ ಹೊಳೆಯುತ್ತಿತ್ತು. ಮೊಬೈಲಿನ ಬೆಳಕು ಬಿಟ್ಟು ಕೊಳವೆಯೊಳಗೆ ಇಣುಕಿದಳು. ಸ್ವಲ್ಪ ಕೆಳಗೆ ಗಾರೆ ಬಿದ್ದು ಗಟ್ಟಿಯಾಗಿ ದಾರಿ ಕಟ್ಟಿಕೊಂಡಿತ್ತು. ಕಂಬಿಯ ತುಂಡು ಆ ಗಡ್ಡೆಯ ಮೇಲೆ ನಿಂತಿತ್ತು. ಅಂದರೆ ಮೇಲಿಂದ ಸುರಿದ ಕಾಂಕ್ರೀಟೂ ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ, ಪಾಯದ ತುಂಡು ಕಂಬಿಯನ್ನು ಬಿಟ್ಟರೆ, ಗೋಡೆ ಬರೀ ಪೊಳ್ಳು.

ಅಣ್ಣ ಏಣಿ ಹತ್ತಿ ಪಕ್ಕಕ್ಕೆ ಬಂದು ನಿಂತಿದ್ದ. ಅವನ ಮುಖ ಸಪ್ಪಗಾಗಿತ್ತು.

"ಅದೊಂದೇ ಕಣೇ," ಎಂದ. "ಗಾರೆ ಕಟ್ಕೊಂಡುಬಿಟ್ಟಿದೆ, ಎಷ್ಟು ಕುಟ್ಟಿದ್ರೂ ಕಂಬಿ ಇಳೀಲಿಲ್ಲ. ಬಿಡು, ಅದಕ್ಕೇನಾಗುತ್ತೆ."

ಮೊದಲೇ ಕಂಬಿ ನಿಲ್ಲಿಸಿಕೊಂಡರೆ ಒಂದೊಂದು ಬ್ಲಾಕನ್ನೂ ಅದರ ನೆತ್ತಿಯವರೆಗೆ ಎತ್ತಿ ಇಳಿಸಬೇಕು, ಆಳುಗಳ ರಟ್ಟೆ ಬಿದ್ದುಹೋಗುತ್ತದೆ, ಅದಕ್ಕೇ ಗೋಡೆ ಎಬ್ಬಿಸಿ ಆಮೇಲೆ ಕಂಬಿ ಇಳಿಸುವುದು ಎಂದೆಲ್ಲ ಹೇಳಿದ. ಅದು ಅವಳಿಗೆ ಗೊತ್ತಿಲ್ಲದ್ದಲ್ಲ, ಎಲ್ಲ ಕಡೆ ನಡೆಯುವುದೇ. ಆದರೆ ಹಾಗೆ ಮಾಡುವವರು ಬಿದ್ದ ಗಾರೆಯನ್ನು ಹಸಿಯಿರುವಾಗಲೇ ಕೆದಕಿ ತೆಗೆಯಬೇಕು. ಕಟ್ಟಿಕೊಂಡರೆ ಪಕ್ಕದಿಂದ ಬ್ಲಾಕ್ ಒಡೆದು ಬಿಡಿಸಬೇಕು. ಕಂಬಿ ಕತ್ತರಿಸಿ ಬೊಂಬೆಯ ಹಾಗೆ ನಿಲ್ಲಿಸುವುದಲ್ಲ. ಅವಳು ಕಿಟಕಿಯ ಎಡಪಕ್ಕಕ್ಕೆ ಸರಿದು ಇನ್ನೊಂದನ್ನು ಎಳೆದಳು. ಅದೂ ಬಂತು.

ಅಣ್ಣ ಅವಳ ಭುಜ ಹಿಡಿದು, ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತಾಡುತ್ತಿದ್ದ ಅದೇ ಮೆತ್ತನೆಯ ದನಿಯಲ್ಲಿ ಸಮಾಧಾನ ಹೇಳಿದ.

"ಹೆದರ್ಕೋಬೇಡ. ನಿನ್ನ ಮನೆ ಇಷ್ಟು ವರ್ಷದಿಂದ ನಿಂತಿಲ್ವಾ?"

ಆ ಮಾತು ಅವಳ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ನನ್ನ ಮನೆಗೂ ಇದಕ್ಕೂ ಏನು ಸಂಬಂಧ ಅಂದುಕೊಂಡಳು. ಆ ಮನೆಯನ್ನು ಕಟ್ಟಿಕೊಟ್ಟವನು ಅಣ್ಣ, ಕೂಲಿಯನ್ನೂ ತೆಗೆದುಕೊಳ್ಳದೆ. ಅದರ ಕಂಬಿಗಳನ್ನು ಬರೆದವಳು ಇವಳೇ, ಹೊಟ್ಟೆಯಲ್ಲಿ ದೊಡ್ಡ ಮಗುವನ್ನು ಇಟ್ಟುಕೊಂಡು. ಅರ್ಥವಾದ ಗಳಿಗೆಯಲ್ಲಿ ಸಾರ್ವೆಯ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಣ್ಣ ಇನ್ನೂ ಏನೋ ಹೇಳುತ್ತಿದ್ದ, ಒಂದೂ ಕೇಳಿಸಲಿಲ್ಲ.

ಅಷ್ಟರಲ್ಲಿ ಕಾಂಕ್ರೀಟ್ ಪಂಪಿನ ಲಾರಿ ಒಳಗೆ ಬಂತು. ಎಂಜಿನಿಯರ್ ಬುಡದ ಕಿಂಡಿಗಳಿಗೆ ಬೆಳಕು ಬಿಡುತ್ತ ಬಂದು, ಎಲ್ಲ ಸರಿಯಿದೆ, ಕಿಂಡಿ ಮುಚ್ಚಿ ಶುರು ಮಾಡಿ ಎಂದ. ಅಣ್ಣ ಕೆಳಗಿಳಿದು ಹೋಗಿ ನಿಂತು ಅವಳನ್ನೇ ನೋಡಿದ, ಬೇಡ ಎಂದು ಸಣ್ಣಗೆ ತಲೆಯಾಡಿಸಿದ. ಅವಳು ಬಾಯಿ ಮುಚ್ಚಿಕೊಂಡು ಆ ಎರಡು ತುಂಡುಗಳನ್ನು ತೂತಿನಲ್ಲಿ ಮತ್ತೆ ಇಟ್ಟರೆ ಸಾಕಿತ್ತು. ಸಂಜೆಯೊಳಗೆ ಕಾಂಕ್ರೀಟ್ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಬಾಯಿ ಬಿಟ್ಟರೆ ಅಣ್ಣನ ಕೈಗೆ ಇನ್ಯಾರೂ ಒಂದು ಗೋಡೆ ಕೊಡುವುದಿಲ್ಲ, ಅವನ ತಂಡದವರ ಮನೆಯ ಒಲೆಯೂ ಆರುತ್ತದೆ. ಬಿಡದಿದ್ದರೆ ಈ ಗೋಡೆಯ ಪಕ್ಕದಲ್ಲಿ ದಿನಾ ಮಕ್ಕಳು ತಟ್ಟೆ ಹಿಡಿದು ಕೂರುತ್ತಾರೆ. ತನ್ನನ್ನು ಸಾಕಿದ ಕೈ ಎಂದು ನೆನೆದು ಅವಳ ಕಣ್ಣು ತುಂಬಿತು. ತುಂಡುಗಳನ್ನು ಕೈಯಲ್ಲೇ ಹಿಡಿದು ಕೆಳಕ್ಕೆ ಬಗ್ಗಿ ಕೂಗಿದಳು.

"ಸಾರ್, ಪಂಪ್ ನಿಲ್ಲಿಸಿ. ಗೋಡೇಲಿ ಕಂಬಿ ಇಲ್ಲ."

ಎಂಜಿನಿಯರ್ ಮೊದಲು ನಂಬಲಿಲ್ಲ, ಏನಮ್ಮಾ ತಮಾಷೆಯಾ ಎಂದ. ಅವಳ ಕೈಯಲ್ಲಿದ್ದ ತುಂಡುಗಳನ್ನು ನೋಡಿ ಅವನ ಮುಖವೂ ಬಿಳಿಚಿತು. ಧಡಧಡ ಮೇಲೆ ಹತ್ತಿ ಮೂಲೆಯಿಂದ ಒಂದೊಂದೇ ಕಂಬಿಯನ್ನು ಎಳೆದು ನೋಡತೊಡಗಿದ. ಮೊದಲನೆಯದು ಅಲುಗಲಿಲ್ಲ, ಎರಡನೆಯದೂ ಅಲುಗಲಿಲ್ಲ. ಅವಳಿಗೆ ಆಸೆ ಹುಟ್ಟಿತು. ಅಣ್ಣ ಹೇಳಿದ್ದು ಹೆಚ್ಚುಕಡಿಮೆ ನಿಜವೇ ಇರಬಹುದು, ಎಲ್ಲೋ ಒಂದೆರಡು ಕಡೆ ಸೋತು ಹೀಗೆ ಮಾಡಿರಬಹುದು, ಮನೆಯ ಮಾತನ್ನು ಗಾಬರಿಯಲ್ಲಿ ಆಡಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡಳು.

ಆಗ ಅಣ್ಣ ಏಣಿ ಹತ್ತಿ ಬಂದ. ನೀವು ಬಿಡಿ ಸಾರ್, ನಾನೇ ತೆಗೀತೀನಿ ಎಂದು ಎಂಜಿನಿಯರನ್ನು ಪಕ್ಕಕ್ಕೆ ಸರಿಸಿದ. ಗೋಡೆಯುದ್ದಕ್ಕೂ ನಡೆದ. ಒಂದನ್ನು ದಾಟಿದ, ಇನ್ನೊಂದನ್ನು ದಾಟಿದ, ಮೂರನೆಯದಕ್ಕೆ ಕೈ ಹಾಕಿದ. ಬಂತು. ಸಾರ್ವೆಯ ಹಲಗೆಯ ಮೇಲೆ ಅದನ್ನಿಟ್ಟು ಮುಂದೆ ಹೋದ. ಮತ್ತೆ ಕೆಲವನ್ನು ಮುಟ್ಟದೆ ದಾಟಿ, ಒಂದನ್ನು ಹಿಡಿದ. ಅದೂ ಬಂತು. ಎಲ್ಲೂ ನಿಂತು ಯೋಚಿಸಲಿಲ್ಲ, ಅಲುಗಿಸಿ ನೋಡಲಿಲ್ಲ, ಗಟ್ಟಿಯಾಗಿದ್ದ ಒಂದನ್ನೂ ತಪ್ಪಿ ಹಿಡಿಯಲಿಲ್ಲ. ಇಷ್ಟು ಉದ್ದದ ಗೋಡೆಯಲ್ಲಿ ಯಾವುದು ಕಂಬಿ, ಯಾವುದು ಬರೀ ತುಂಡು ಎಂಬುದು ಅವನ ಕೈಗೆ ಬಾಯಿಪಾಠವಾಗಿತ್ತು.

ಅವಳು ನೋಡುತ್ತ ನಿಂತಳು. ಹಲಗೆಯ ಮೇಲೆ ತುಂಡುಗಳು ಒಂದರ ಪಕ್ಕ ಒಂದು ಬೀಳುತ್ತಿದ್ದವು. ಕೇಳಬಾರದು ಅಂದುಕೊಂಡರೂ ಕೇಳಿದಳು.

"ಅಣ್ಣ, ನಮ್ಮನೇಲಿ ಯಾವ್ಯಾವ್ದು?"

ಅವನು ತಿರುಗಿ ನೋಡಲಿಲ್ಲ. ನೆನಪು ಮಾಡಿಕೊಳ್ಳುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

"ಮಕ್ಕಳು ಮಲಗೋ ರೂಮು, ಹಿಂದಿನ ಗೋಡೆ. ಬಾಗಿಲ ಕಡೆ ಮೂಲೇದೊಂದು ಬಿಟ್ಟು, ಮಿಕ್ಕಿದ್ದೆಲ್ಲ," ಎಂದು ಹೇಳಿ ಮುಂದಿನ ಕಂಬಿಗೆ ಕೈ ಹಾಕಿದ.