ಚಿಕ್ಕಸ್ವಾಮಿ ಕಟ್ಟಿಸಿದ ಬೋರ್ಡು

ಪಾಂಡವಪುರದ ಬಸ್‌ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಸ್ನೇಹ ಆರು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದ್ದಾಳೆ. ಸುತ್ತಲ ಊರುಗಳ ಡೇರಿಗಳಲ್ಲಿ ಹಾಲು ಅಳೆದ ಕೂಡಲೇ ಬರುವ ಚೀಟಿ ಅವಳ ಕೆಲಸ. ಕಂಪನಿ ಚಿಕ್ಕಸ್ವಾಮಿಯದು. ಅದಕ್ಕೊಂದು ಹೆಸರಿತ್ತು, ಬೋರ್ಡಿರಲಿಲ್ಲ. ಹುಡುಕಿಕೊಂಡು ಬರುವವರಿಗೆ ಚಿಕ್ಕಸ್ವಾಮಿಯ ಮುಖವೇ ಬೋರ್ಡು.

ಬೆಂಗಳೂರಿನವರಿಗೆ ಆ ಮುಖದ ಗುರುತಿಲ್ಲವಲ್ಲ. ಸ್ನೇಹ ಹಾಕಿದ ಅರ್ಜಿಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದವು. ಪರೀಕ್ಷೆ ಮಾಡಿ ಬೇಡವೆಂದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಎದುರು ಕೂರಿಸಿಕೊಂಡು ಯಾರೂ ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಕೆಲಸ ಸಿಗದಿದ್ದರೂ ಸರಿ, ಒಂದು ಸಲ ಇಂಟರ್‌ವ್ಯೂಗೆ ಕರೆದರೆ ಸಾಕು ಎಂದು ಹೆತ್ತ ತಾಯಿ ಮಾರಮ್ಮನ ಹತ್ತಿರ ಅತ್ತಿದ್ದೂ ಉಂಟು.

ಕೊನೆಗೊಂದು ಕಂಪನಿ ಕರೆಯಿತು. ಆದರೆ ಇಂಟರ್‌ವ್ಯೂಗೆ ಮುಂಚೆ ಅವಳ ಆಫೀಸು ನಿಜಕ್ಕೂ ಇದೆಯೇ ಎಂದು ನೋಡಲು ಒಬ್ಬನನ್ನು ಕಳಿಸುತ್ತಾರಂತೆ. ಬಾಡಿಗೆ ಕೋಣೆಗೊಂದು ಬೋರ್ಡು ತಗುಲಿಸಿ ಸುಳ್ಳು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟು ಮಾರುವ ಕಳ್ಳರು ಹೆಚ್ಚಾಗಿದ್ದಾರಲ್ಲ, ಅದಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅವಳು ಹೋದರೆ ಚಿಕ್ಕಸ್ವಾಮಿಗೆ ಕೈ ಮುರಿದಂತೆ. ಆದರೂ ಅವಳಿಗಿಂತ ಅವನೇ ಹೆಚ್ಚು ಸಂಭ್ರಮಪಟ್ಟ. ದೇವರಂಥ ಮನುಷ್ಯ, ಆದರೆ ಏನು ಮಾಡುವಾಗಲೂ ಯಾರನ್ನೂ ಒಂದು ಮಾತು ಕೇಳುವವನಲ್ಲ. ಬಂದವನು ಬೋಳು ಬಾಗಿಲು ನೋಡಿ ಹುಡುಗಿಯನ್ನು ಹಗುರವಾಗಿ ಕಾಣಬಾರದೆಂದು, ಅವಳು ರಿಪೇರಿಗೆ ದೇವಲಾಪುರದ ಡೇರಿಗೆ ಹೋಗಿದ್ದ ದಿನ ಕೋಣೆಗೆಲ್ಲ ಬಣ್ಣ ಹೊಡೆಸಿದ. ಹಳೇ ಯಂತ್ರ, ವೈರು, ಧೂಳು ಹಿಡಿದ ಬಿಲ್ಲುಗಳನ್ನು ಕೆಳಗಿನ ಗೋಡೌನಿಗೆ ಸಾಗಿಸಿದ. ದೊಡ್ಡ ಬೋರ್ಡು ಕಟ್ಟಿಸಿ, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆಸಿದ.

ಮರುದಿನ ಸ್ನೇಹ ಮೆಟ್ಟಿಲು ಹತ್ತುವಾಗ ಬೆಂಗಳೂರಿನವನು ಆಗಲೇ ಫೋಟೋ ತೆಗೆಯುತ್ತಿದ್ದ. ಹಸಿ ಬಣ್ಣದ ವಾಸನೆ, ಖಾಲಿ ಮೇಜು, ಒಡೆದ ಕುಂಬಳ. ಆವತ್ತೇ ಶುರುವಾದ ಅಂಗಡಿಯ ಲಕ್ಷಣವೆಲ್ಲ ಅಲ್ಲಿತ್ತು. ಮೆಟ್ಟಿಲು ಹತ್ತುವ ಮುಂಚೆ ಕೆಳಗಿನ ಗೋಡೌನಿನಲ್ಲಿ ತನ್ನ ಹಳೇ ಯಂತ್ರಗಳು ಕಂಡದ್ದು ಅವಳಿಗೆ ನೆನಪಾಯಿತು. ಹಳೇದೆಲ್ಲ ಕೆಳಗಿದೆ, ತೋರಿಸುತ್ತೇನೆ ಬನ್ನಿ ಎಂದಳು. ಡೇರಿಯವರಿಗೆ ಫೋನು ಮಾಡಿಕೊಡುತ್ತೇನೆ ಎಂದಳು. ಕಂಡದ್ದನ್ನು ಕಳಿಸುವುದಷ್ಟೇ ತನ್ನ ಕೆಲಸ ಎಂದು ಅವನು ಇಳಿದುಹೋದ.

ಸಂಜೆಯೊಳಗೆ ಉತ್ತರ ಬಂತು. ಕಂಪನಿ ಈಗಷ್ಟೇ ಹುಟ್ಟಿಸಿದಂತಿದೆ, ಇಂಟರ್‌ವ್ಯೂ ರದ್ದು, ಇನ್ನು ಮುಂದೆ ಅರ್ಜಿ ಹಾಕಬೇಡಿ. ಸ್ನೇಹಳಿಗೆ ಆ ಬೋರ್ಡನ್ನು ಕಿತ್ತು ಬೀದಿಗೆಸೆಯುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಚಿಕ್ಕಸ್ವಾಮಿ ಎರಡು ಲೋಟ ಕಾಫಿ ಹಿಡಿದು ಬಂದ.

"ಬೋರ್ಡ್ ನೋಡಿ ಏನಂದ್ರವ್ವಾ?"

ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಚೆನ್ನಾಗದೆ ಅಂದ್ರು ಕಣಣ್ಣ."

ಅವನು ಬಾಡಿದ ಹಾರವನ್ನು ನೆಟ್ಟಗೆ ಮಾಡಿದ.

"ಅಂಗೇ ಇರ್ಲಿ ಬುಡು. ನೀನು ಬೆಂಗ್ಳೂರ್ಗೆ ಓದ್ಮೇಲೂ ತೆಗ್ಯಾಕಿಲ್ಲ."