ಟೊಮೆಟೊ ಹಾಕಿದ ಕೋಳಿ

ನಲವತ್ತು ವರ್ಷ ಎರ್ಸಿಲಿಯಾ ಭಾನುವಾರದ ಕೋಳಿಯನ್ನು ವೈನು, ಬೆಳ್ಳುಳ್ಳಿ, ರೋಸ್‌ಮೇರಿ ಸೊಪ್ಪು ಹಾಕಿ ಬಿಳಿಯಾಗಿಯೇ ಬೇಯಿಸಿದಳು. ಅದಕ್ಕೆ ಟೊಮೆಟೊ ಬಿದ್ದರೆ ತನ್ನ ತಾಯಿಗೆ ಅವಮಾನ ಎನ್ನುತ್ತಿದ್ದ ಗಂಡ ನಜ್ಜಾರೆನೊ. ಅವನನ್ನು ಮಣ್ಣು ಮಾಡಿದ ದಿನ ಊರಿನ ಹೋಟೆಲಿನವನು ಕಣ್ಣೊರೆಸಿಕೊಳ್ಳುತ್ತ, "ಗುರುವಾರ ಗುರುವಾರ ಟೊಮೆಟೊ ಹಾಕಿದ್ ಕೋಳಿ ತಿಂದು ತಟ್ಟೆ ನೆಕ್ತಿದ್ರಮ್ಮ, ಪುಣ್ಯಾತ್ಮ" ಎಂದ.

ಈ ಭಾನುವಾರ ಅವಳು ಆಗಸ್ಟಿನಲ್ಲಿ ತುಂಬಿಸಿಟ್ಟಿದ್ದ ಟೊಮೆಟೊ ರಸವನ್ನು ಇಡೀ ಬಾಟಲಿ ಸುರಿದಳು. ಊಟಕ್ಕೆ ಬಂದ ನಾದಿನಿ ದೆಲ್ಫೀನಾ ಮುಚ್ಚಳ ತೆಗೆದು ಎದೆ ಬಡಿದುಕೊಂಡಳು.

"ಅಯ್ಯೋ ಅತ್ತಿಗೆ, ನಮ್ಮಣ್ಣ ಹೋಗಿ ತಿಂಗಳಾಗಿಲ್ಲ, ಆಗ್ಲೇ ಟೊಮೆಟೊನಾ?"

"ನಿಮ್ಮಣ್ಣನ ಇಷ್ಟದ್ದೇ ಕಣೆ ಇದು. ಹೋಟೆಲಿನವನ್ನ ಕೇಳು. ಬ್ರೆಡ್ ತಗೊಂಡು ತಿನ್ನು."

ದೆಲ್ಫೀನಾ ಅಳುತ್ತಲೇ ಎರಡು ಸಲ ಬಡಿಸಿಕೊಂಡಳು. ಎರ್ಸಿಲಿಯಾ ಮಾತ್ರ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ಗಂಡನಿಗೆ ಚೆನ್ನಾಗಿ ಉಗಿಯಬೇಕಿತ್ತು, ಕೈಗೆ ಸಿಗದೆ ಹೋದ.